ಹುಲಿಗೆಮ್ಮನ ಹಲ್ಲು

ಪಾರ್ವತೆಮ್ಮನ ಮನೆಯ ಹೊಸ್ತಿಲನ್ನು ಯಾರೂ ನಡುವೆ ದಾಟುವುದಿಲ್ಲ. ಬಲಕ್ಕೆ ಸರಿದು, ಸೆರಗು ಎಡಕ್ಕೆ ತಾಗದಂತೆ ಹಿಡಿದುಕೊಂಡು ದಾಟಬೇಕು. ಎಡಮೂಲೆಯಲ್ಲಿ, ಹೊಸ್ತಿಲ ಕಲ್ಲಿಗೆ ಒತ್ತಿದಂತೆ, ನೆಲದೊಳಗೆ ಹುಲಿಗೆಮ್ಮನ ಹಲ್ಲುಗಳಿವೆ. ಮಸ್ಕಿಯಿಂದ ಜವಳಗೇರಾಕ್ಕೆ ಸೊಸೆಯಾಗಿ ಬಂದಿದ್ದ ಹುಲಿಗೆಮ್ಮ ಈಗಿಲ್ಲ, ಕಾಮಾಲೆಯಾಗಿ ತೀರಿಕೊಂಡಳು. ಹಲ್ಲುಗಳನ್ನು ಮಾತ್ರ ಅತ್ತೆ ಹೋಗಗೊಡಲಿಲ್ಲ.

ಆ ಹಲ್ಲುಗಳು ಬಾಯಿಂದ ಹೊರಗೆ ಬಂದದ್ದು ಅವಳು ಬದುಕಿದ್ದಾಗಲೇ. ಮದುವೆಯಾದ ಹೊಸತರಲ್ಲೇ ಗಂಡಹೆಂಡತಿಯ ಕೋಣೆಯಿಂದ ಹಲ್ಲು ಕಡಿಯುವ ಸಪ್ಪಳ ಬರತೊಡಗಿತ್ತು. ಬೀಸುವ ಕಲ್ಲಿಗೆ ಹರಳು ಸಿಕ್ಕಂಥ ಕರಕರ. ನಿದ್ದೆಯಲ್ಲಿ ಹಲ್ಲು ಕಡಿಯುವವರು ಮನೆಯವರನ್ನೇ ತಿನ್ನುತ್ತಾರೆ ಎಂಬುದು ಪಾರ್ವತೆಮ್ಮನ ಗಟ್ಟಿ ನಂಬಿಕೆ. ಅದೇ ವರ್ಷ ಅವಳ ಗಂಡ ತೀರಿಕೊಂಡಾಗ ಆ ನಂಬಿಕೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮಗ ಸಿದ್ದರಾಮೇಶನ ಗಾಡಿಯ ಮೇಲೆ ಸೊಸೆಯನ್ನು ಕೂರಿಸಿ ಲಿಂಗಸುಗೂರಿಗೆ ಕಳಿಸಿ, ದವಡೆಯ ನಾಲ್ಕು ಹಲ್ಲು ಕೀಳಿಸಿದಳು. ಕಿತ್ತವನು ಡಾಕ್ಟರನೋ ಅಲ್ಲವೋ ಯಾರೂ ವಿಚಾರಿಸಲಿಲ್ಲ. ಕಿತ್ತ ಹಲ್ಲು ಬೇರೆಯವರ ಕೈಗೆ ಸಿಕ್ಕರೆ ಮಾಟ ಮಾಡಿಯಾರೆಂದು ಅವನ್ನು ಬಟ್ಟೆಯಲ್ಲಿ ಕಟ್ಟಿ ತರಿಸಿಕೊಂಡದ್ದೂ ಅವಳೇ.

ಸಪ್ಪಳ ನಿಲ್ಲಲಿಲ್ಲ. ಹಲ್ಲು ಹೋದಮೇಲೂ ಕಡಿಯುತ್ತಾಳೆಂದರೆ ಅದು ಹಲ್ಲಿನ ಕೆಲಸವಲ್ಲ, ಬೇರೆ ಯಾವುದರದೋ ಕೆಲಸ ಎಂದು ಓಣಿಯೂ ಒಪ್ಪಿತು. ಹುಲಿಗೆಮ್ಮ ಖಡಕ್ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ನುಂಗುತ್ತ, ಯಾರ ಮುಖವನ್ನೂ ನೆಟ್ಟಗೆ ನೋಡದೆ, ಒಂದು ಹೆಣ್ಣು ಹೆತ್ತು, ಇನ್ನೂ ಕೆಲವು ವರ್ಷ ಬದುಕಿ ಹೋದಳು. ಸತ್ತವಳು ಒಳಗೆ ಹೊರಗೆ ಓಡಾಡದಿರಲಿ ಎಂದು ಪಾರ್ವತೆಮ್ಮ ಆ ಗಂಟನ್ನು ಹೊಸ್ತಿಲ ಬಳಿ ಹೂತಳು. ಸಿದ್ದರಾಮೇಶ ಟ್ರ್ಯಾಕ್ಟರ್ ಕೆಲಸ ಹಿಡಿದು ಆಂಧ್ರದ ಕಡೆ ಹೋಗಿ ಬಹಳ ದಿನ ಮನೆಗೇ ಬರಲಿಲ್ಲ. ಮನೆ ತಣ್ಣಗಿತ್ತು.

ಆಮೇಲೆ ವಳಕಮದಿನ್ನಿಯ ನಾಗವೇಣಿ ಬಂದಳು, ಎರಡನೆಯ ಹೆಂಡತಿಯಾಗಿ. ತಾಳಿಯ ಜೊತೆಗೆ ಹುಲಿಗೆಮ್ಮನ ಹೆಸರಿನ ಪುಟ್ಟ ಬೆಳ್ಳಿ ಮುಖವೊಂದನ್ನು ಅವಳ ಕೊರಳಿಗೆ ಪೋಣಿಸಿದರು. ಸತ್ತವಳು ಸಿಟ್ಟಾಗದಿರಲೆಂದು ಎರಡನೆಯವಳು ಅದನ್ನು ಧರಿಸಬೇಕು, ಹೊಸ ಸೀರೆ ಉಡುವ ಮೊದಲು ಅವಳ ಫೋಟೋದ ಮುಂದೆ ಇಟ್ಟು ತೆಗೆಯಬೇಕು. ನಾಗವೇಣಿ ಎಲ್ಲವನ್ನೂ ಮಾಡಿದಳು. ಆದರೂ ಮದುವೆಯ ವಾರ ಕಳೆಯುವುದರೊಳಗೆ ಕೋಣೆಯಿಂದ ಕರಕರ ಸಪ್ಪಳ ಮತ್ತೆ ಶುರುವಾಯಿತು.

"ನಿನ್ನೆನೂ ಬಂದಿದ್ಲು," ಎಂದಳು ಪಾರ್ವತೆಮ್ಮ, ಶ್ರಾವಣದ ಒಂದು ಮುಂಜಾನೆ ಚಹಾದ ಬಟ್ಟಲು ಕೆಳಗಿಡುತ್ತ.

ನಾಗವೇಣಿ ರೊಟ್ಟಿ ಬಡಿಯುತ್ತಿದ್ದಳು. "ಯಾರ್ರೀ ಅತ್ತಿ?"

"ಯಾರಂತ ನನ್ನ ಕೇಳ್ತಿ? ನಿನ್ನ ಬಾಯಾಗ ಕುಂತು ಕಡ್ಯಾಕತ್ತಿದ್ಲು."

"ನಂಗೇನೂ ಕೇಳಿಲ್ರೀ. ದಿನಾ ನಾಟಿಗಿ ಹೋಗಿ ಬರ್ತೀನಿ, ಹಾಸಿಗಿಗೆ ಬಿದ್ರ ಎಚ್ಚರ ಇರಂಗಿಲ್ಲ."

"ಹುಲಿಗಿನೂ ಹಿಂಗ. ನಾನಲ್ಲ ನಾನಲ್ಲ ಅಂತಿದ್ಲು."

ನಾಗವೇಣಿ ಹಿಟ್ಟಿನ ಕೈಯನ್ನೇ ಕೆನ್ನೆಗೆ ಒತ್ತಿಕೊಂಡಳು. ಅವಳಿಗೆ ನಿಜವಾಗಿಯೂ ದವಡೆ ನೋಯುತ್ತಿತ್ತು. ಮುಂಜಾನೆ ಎದ್ದರೆ ಬಾಯಿ ಪೂರ್ತಿ ತೆರೆಯಲು ಬರುತ್ತಿರಲಿಲ್ಲ, ನೋವು ಕಿವಿಯಿಂದ ನೆತ್ತಿಗೇರುತ್ತಿತ್ತು. ಆದ್ದರಿಂದಲೇ ಅತ್ತೆ ಹೇಳುವುದನ್ನು ಸುಳ್ಳು ಎನ್ನುವ ಧೈರ್ಯ ಅವಳಿಗೆ ಬರುತ್ತಿರಲಿಲ್ಲ. ಗಂಡನ ಕಡೆ ತಿರುಗಿದಳು.

"ನೀವರ ಹೇಳ್ರೀ. ನಾ ಹಲ್ಲು ಕಡೀತೀನೇನು?"

ಸಿದ್ದರಾಮೇಶ ಚಪ್ಪಲಿ ಹುಡುಕುತ್ತಿದ್ದ. ಒಳ್ಳೆಯ ಮನುಷ್ಯ ಎಂದು ಊರಲ್ಲಿ ಹೆಸರು. ಯಾರ ಮಾತಿಗೂ ಎದುರಾಡದ ಗಂಡಸರಿಗೆ ಆ ಹೆಸರು ಬೇಗ ಬರುತ್ತದೆ. "ಏನೋ ಸಪ್ಪಳ ಬರ್ತೈತಿ," ಎಂದ. "ನಂಗೂ ನಿದ್ದಿ ಹತ್ತಿರ್ತೈತಿ."

"ಅಂವ ಮನ್ಯಾಗಿದ್ದ ದಿನಾನ ಬರ್ತಾಳ," ಎಂದಳು ಪಾರ್ವತೆಮ್ಮ. "ಗಂಡನ ಮ್ಯಾಲ ಅಷ್ಟು ಜೀವ ಅಕಿಗಿ."

ಹೊಸ್ತಿಲ ಎಡಮೂಲೆಗೆ ಬೆನ್ನು ಕೊಟ್ಟು ಪ್ರಿಯಾಂಕಾ ಕೂತಿದ್ದಳು, ಹುಲಿಗೆಮ್ಮನ ಮಗಳು, ಏಳನೇ ಕ್ಲಾಸು. ಬೇರೆಯವರು ಹೆದರಿ ಸರಿಯುವ ಜಾಗದಲ್ಲೇ ಅವಳು ದಿನಾ ತಟ್ಟೆ ಇಟ್ಟುಕೊಂಡು ಉಣ್ಣುತ್ತಾಳೆ. ರೊಟ್ಟಿ ಮುರಿಯುತ್ತ ಅಂದಳು: "ಯಾಕ ಬೈತಿ ಅಜ್ಜಿ? ಬಂದ್ರ ಬರ್ಲಿ ಬಿಡು. ನಮ್ಮವ್ವ ಅಲ್ಲೇನು?"

ಪಾರ್ವತೆಮ್ಮ ಮೊಮ್ಮಗಳನ್ನು ಗದರಲಿಲ್ಲ, ಸೊಸೆಗೇ ಹೇಳಿದಳು: "ಹಿರೇರ ಅಮಾಸಿ ತನಕ ನೋಡ್ತೀನಿ. ಅಷ್ಟರಾಗ ಇದು ನಿಲ್ಲಲಿಲ್ಲಂದ್ರ ನೀ ವಳಕಮದಿನ್ನಿಗೆ ನಡಿ. ನಂಗಿರೋದು ಒಬ್ಬ ಮಗ."

ವಳಕಮದಿನ್ನಿಯಲ್ಲಿ ನಾಗವೇಣಿಗೆ ಯಾರಿದ್ದರು? ಅಪ್ಪ ಅವ್ವ ಇಲ್ಲ. ಅಣ್ಣನ ಮನೆ, ಅತ್ತಿಗೆಯ ಒಲೆ. ಗಂಡ ಬಿಟ್ಟು ಕಳಿಸಿದ ತಂಗಿಗೆ, ಅದೂ ಮೈಯಲ್ಲಿ ಗಾಳಿ ಇದೆ ಎನಿಸಿಕೊಂಡವಳಿಗೆ, ಅಲ್ಲಿ ಕೊಟ್ಟಿಗೆಯ ಜಾಗವೂ ಸಿಗುವುದು ಕಷ್ಟ. ಅವಳಿಗೆ ಈ ಮನೆ ಬೇಕಾಗಿತ್ತು. ತನ್ನೊಡನೆ ಮಾತಾಡದ ಈ ಹುಡುಗಿಯೂ ಬೇಕಾಗಿದ್ದಳು.

ದಾರಿ ತೋರಿಸಿದ್ದು ಪಕ್ಕದ ಮನೆಯ ಮಕ್ತುಮ್‌ಸಾಬನ ಮಗಳು ಶಾಹೀಸ್ತಾ. ಅವಳಿಗೆ ಲಿಂಗಸುಗೂರಿನ ಗಂಡು ಗೊತ್ತಾಗಿತ್ತು.

"ಅಕ್ಕ, ನಾ ಸಿಂಧನೂರಿಗೆ ಹಲ್ಲಿನ ದವಾಖಾನಿಗೆ ಹೊಂಟೀನಿ. ಬರ್ತೀಯೇನು?"

"ನಿನ್ನ ಹಲ್ಲಿಗೇನಾಗೇತಿ?"

"ಹಲ್ಲಿಗಲ್ಲಕ್ಕ, ಮಾರಿಗೆ! ಫೋಟೋದಾಗ ನನ್ನ ದವಡಿ ಅಗಲ ಕಾಣತೈತಂತ, ನಾದಿನಿ ಆಗಾಕಿ ಹೇಳ್ಯಾಳ. ಬೊಟಾಕ್ಸ್ ಅಂತ ಸೂಜಿ ಐತಿ. ದವಡಿ ಮಗ್ಗಲಾಗ ಹಾಕಿದ್ರ ಅಲ್ಲಿಂದು ಸ್ನಾಯು ಸಡಿಲ ಬಿದ್ದು ಮಾರಿ ಸಣ್ಣ ಆಗತೈತಿ." ಶಾಹೀಸ್ತಾ ದನಿ ತಗ್ಗಿಸಿದಳು. "ಹಲ್ಲು ಕಡಿಯೋರಿಗೂ ಅದ ಸೂಜಿ. ದವಡಿಗೆ ತಾಕತ್ತ ಇಲ್ಲಂದ್ರ ಹ್ಯಾಂಗ ಕಡೀತಾರ, ನೀನ ಹೇಳು."

ನಾಟಿ ಕೂಲಿಯಲ್ಲಿ ತೆಗೆದಿಟ್ಟದ್ದನ್ನು ಸೆರಗಿಗೆ ಕಟ್ಟಿಕೊಂಡು ನಾಗವೇಣಿ ಬಸ್ಸು ಹತ್ತಿದಳು.

ಸಿಂಧನೂರಿನ ಆ ದವಾಖಾನೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಶಾಹೀಸ್ತಾಳದು ಬೇಗ ಮುಗಿಯಿತು. ನಾಗವೇಣಿಯ ಬಾಯಲ್ಲಿ ಮಾತ್ರ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಹಲ್ಲು ಕಚ್ಚಿ ಹಿಡಿಯಲು ಹೇಳಿ ಎರಡೂ ಕೆನ್ನೆ ಒತ್ತಿದರು. ಬೆರಳಡಿಯಲ್ಲಿ ನಿಂಬೆಕಾಯಿಯಂಥ ಗಂಟು ಎದ್ದಿತು.

"ನಿದ್ದೆಯಲ್ಲಿ ಹಲ್ಲು ಕಡೀತೀರಿ ಅಂದವರು ಯಾರು?"

"ನಮ್ಮತ್ತಿರೀ."

ಡಾಕ್ಟರಮ್ಮ ಕೈಗನ್ನಡಿ ಕೊಟ್ಟರು. "ಇಲ್ಲಿ ನೋಡಿ. ವರ್ಷಗಟ್ಟಲೆ ಕಡಿಯುವವರ ದವಡೆ ಹಲ್ಲು ತುದಿ ಸವೆದು ಸಪಾಟಾಗಿರ್ತವೆ. ನಿಮ್ಮ ಹಲ್ಲಿಗೆ ಮೊನೆ ಹಾಗೇ ಇದೆ. ಹಗಲು ಹೊತ್ತಲ್ಲಿ ಹಲ್ಲು ಬಿಗಿ ಹಿಡೀತೀರಾ? ಸಿಟ್ಟು ಬಂದಾಗ, ಹೆದರಿಕೆ ಆದಾಗ?"

"ಮನ್ಯಾಗ ಇದ್ದಾಗೆಲ್ಲ ಹಿಡದಿರ್ತೀನ್ರೀ."

ಶಾಹೀಸ್ತಾ ನಕ್ಕಳು. ಡಾಕ್ಟರಮ್ಮ ನಗಲಿಲ್ಲ. "ನೋವು ಅದಕ್ಕೇ. ಮೊದಲು ಹಲ್ಲಿಗೆ ಹಾಕುವ ಕವಚ ಮಾಡಿಕೊಡ್ತೀನಿ, ಬಿಸಿ ಕಾವು ಕೊಡಿ. ಇಂಜೆಕ್ಷನ್ ಆಮೇಲೆ ನೋಡೋಣ."

"ಪ್ಲಾಸ್ಟಿಕ್ ಹಾಕ್ಕೊಂಡು ಹೋದ್ರ ನಮ್ಮತ್ತಿ ನಂಬಂಗಿಲ್ರೀ ಡಾಕ್ಟ್ರೇ. ಸೂಜಿನ ಹಾಕ್ರಿ. ಒಟ್ಟ ದವಡಿ ಅಳ್ಳಾಡಬಾರದು."

ನೋವಿಗೆ ಇಂಜೆಕ್ಷನ್ ತಪ್ಪಲ್ಲ ಎನ್ನುವಷ್ಟು ಸ್ನಾಯು ಬೆಳೆದಿತ್ತು. ಡಾಕ್ಟರಮ್ಮ ಒಪ್ಪಿದರು. ನೋವು ಇಳಿಯುತ್ತದೆ, ಕೆಲವು ವಾರ ಗಟ್ಟಿಯಾದದ್ದನ್ನು ಅಗಿಯಲಾಗುವುದಿಲ್ಲ, ಮುಖ ಸ್ವಲ್ಪ ಕಿರಿದಾಗಬಹುದು, ತಿಂಗಳುಗಳು ಕಳೆದರೆ ಮತ್ತೆ ಮೊದಲಿನಂತಾಗುತ್ತದೆ ಎಂದು ಬಿಡಿಸಿ ಹೇಳಿ ಎರಡೂ ಕಡೆ ಚುಚ್ಚಿದರು. ಹಲ್ಲಿನ ಮಾತು ನಾಗವೇಣಿಯ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅವಳಿಗೆ ಬೇಕಾದದ್ದು ಸೂಜಿ, ಅದು ಸಿಕ್ಕಿತು.

"ಮದುಮಗಳ ಸೂಜಿ ಹಾಕಿಸ್ಕೊಂಡು ಬಂದೇನು?" ಸಂಜೆ ಪಾರ್ವತೆಮ್ಮ ಅಂಗಳದಲ್ಲೇ ಶುರು ಮಾಡಿದಳು. "ಓಣಿ ಮಂದಿ ಏನಂದಾರು? ಮೊದಲನ್ಯಾಕಿ ಮಣ್ಣಾಗ ಹೋಗ್ಯಾಳ, ಎರಡನ್ಯಾಕಿ ಮಾರಿ ಚಂದ ಮಾಡ್ಕೊಳ್ಳಾಕತ್ಯಾಳ ಅಂತ ಆಡ್ಕೊಳ್ಳಂಗಿಲ್ಲೇನು?"

"ಚಂದಕ್ಕಲ್ರೀ ಅತ್ತಿ. ದವಡಿ ಸಡಿಲ ಆದ್ರ ಕಡಿಯೋದು ನಿಲ್ಲತೈತಿ."

"ನಿಂತ್ರ ಅಲ್ಲ!"

ನಿಂತೇಬಿಟ್ಟಿತು. ಆ ವಾರವೇ ಕಾಲುವೆಗೆ ಜೋರು ನೀರು ಬಂದು, ಸಿದ್ದರಾಮೇಶ ಗದ್ದೆ ಕೆಸರು ಮಾಡಲು ಟ್ರ್ಯಾಕ್ಟರ್ ಹೊಡೆದುಕೊಂಡು ತುರ್ವಿಹಾಳದ ಕಡೆ ಹೋದ. ಅಲ್ಲೇ ಉಳಿದ. ಇತ್ತ ಕೋಣೆಯಿಂದ ಒಂದು ಚಿಕ್ಕ ಸಪ್ಪಳವೂ ಇಲ್ಲ. ಪಾರ್ವತೆಮ್ಮ ಹಲವು ದಿನ ಕಿವಿಗೊಟ್ಟು ಕಾದು, ಕೊನೆಗೆ ಶಾಹೀಸ್ತಾಳ ತಾಯಿ ಮಕ್ತುಂಬೀಯ ಮುಂದೆ ಒಪ್ಪಿಕೊಂಡಳು: "ಸೂಜಿ ಹತ್ತೇತಿ ನೋಡವಾ. ನಿನ್ನ ಮಗಳು ಶ್ಯಾಣ್ಯಾಕಿ."

ನಾಗವೇಣಿಗೆ ತಲೆನೋವು ಇಳಿಯಿತು. ಆದರೆ ಖಡಕ್ ರೊಟ್ಟಿ ಬಾಯಲ್ಲಿ ಹಾಗೇ ಉಳಿಯುತ್ತಿತ್ತು, ಎಷ್ಟು ಅಗಿದರೂ ದವಡೆ ಹಿಡಿತಕ್ಕೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಟ್ಟಲಲ್ಲಿ ಹಾಲು ಹಾಕಿ ರೊಟ್ಟಿ ಮುರಿದು ನೆನೆಸಿ ತಿನ್ನುತ್ತ ಕೂತಳು. ಹೊರಗಿಂದ ಬಂದ ಪಾರ್ವತೆಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಕಿರಿದಾದ ಮುಖ, ತಗ್ಗಿಸಿದ ತಲೆ, ಹಾಲಿನ ಬಟ್ಟಲು, ಕೊರಳಲ್ಲಿ ಬೆಳ್ಳಿಯ ಮುಖ. ಮುದುಕಿಯ ಕೈಯಿಂದ ಸಂತೆಯ ಚೀಲ ಜಾರಿತು.

"ಹಂಗ ತಿನ್ನಬ್ಯಾಡ," ಎಂದಳು. "ನನ್ನ ಮುಂದ ಕುಂತು ಹಂಗ ತಿನ್ನಬ್ಯಾಡ."

"ಅಗಿಯಾಕ ಬರವಲ್ಲದ್ರೀ."

"ಬರದಿದ್ರ ಉಪವಾಸ ಇರು."

ಸಪ್ಪಳ ನಿಂತಮೇಲೆ ಮನೆಯಲ್ಲಿ ಸುಖ ಬರಬೇಕಿತ್ತು, ಬರಲಿಲ್ಲ. ಪ್ರಿಯಾಂಕಾ ಉಣ್ಣುವುದನ್ನು ಕಡಿಮೆ ಮಾಡಿದಳು. ಸಾಲೆಯಿಂದ ಬಂದವಳೇ ಚೀಲ ಎಸೆದು ಹೊಸ್ತಿಲ ಮೂಲೆಗೆ ಕೂತರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. ನಾಗವೇಣಿ ತಟ್ಟೆ ತಂದಿಟ್ಟಳು, ಪುಂಡಿಪಲ್ಯ ಹಾಕಿ.

"ಉಣ್ಣವಾ."

"ನಿನ್ನ ಕೈಯಿಂದು ನಂಗ ಬ್ಯಾಡ."

"ನಾ ಏನ್ ಮಾಡೀನಿ?"

ಹುಡುಗಿ ತಲೆಯೆತ್ತಿದಳು. "ನಮ್ಮವ್ವ ದಿನಾ ಬರ್ತಿದ್ಲು. ಅಜ್ಜಿ ಮಗ್ಗಲಾಗ ಮಕ್ಕೊಂಡು ನಾ ಕೇಳ್ತಿದ್ದೆ. ಕೇಳಿದ ಮ್ಯಾಲ ನಿದ್ದಿ ಬರ್ತಿತ್ತು. ನೀ ಸೂಜಿ ಹಾಕಿಸ್ಕೊಂಡು ಬಾಯಿ ಸಡಿಲ ಮಾಡ್ಕೊಂಡಿ. ಈಗ ಅಕಿ ಎಲ್ಲಿ ಕುಂದ್ರಬೇಕು?"

ಮೊದಲಾಗಿದ್ದರೆ ನಾಗವೇಣಿ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದಳು, ಈಗ ಅದಕ್ಕೂ ದವಡೆಯಲ್ಲಿ ಬಲವಿಲ್ಲ. ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟು ಅತ್ತಳು. ಒಂದು ಮಗುವಿನ ತಾಯಿಯನ್ನು ಎರಡನೆಯ ಸಲ ಸಾಯಿಸಿದೆ ಎಂದು ಅವಳಿಗೆ ನಿಜವಾಗಿಯೇ ಅನ್ನಿಸಿತು.

ಭಾದ್ರಪದದಲ್ಲಿ ಸಿದ್ದರಾಮೇಶ ಮನೆಗೆ ಬಂದ. ಅವತ್ತು ಭಾನುವಾರ. ಮೈತುಂಬ ಕೆಸರು ತೊಳೆದುಕೊಂಡು, ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹೊಟ್ಟೆತುಂಬ ಉಂಡು, ಕೋಣೆಗೆ ಹೋಗಿ ಮಲಗಿದ. ಪಾರ್ವತೆಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೂಲೆಯಲ್ಲಿ ಪ್ರಿಯಾಂಕಾ. ನಾಗವೇಣಿ ಮೊರದ ಎದುರು ಅತ್ತೆಗೆ ಕೈಜೋಡಿಸುತ್ತ ಕೂತಿದ್ದಳು.

ಕರಕರ ಸಪ್ಪಳ ಶುರುವಾಯಿತು.

ಮೊದಲು ಪಾರ್ವತೆಮ್ಮನ ಕೈ ನಿಂತಿತು. ಪ್ರಿಯಾಂಕಾ ಜಿಗಿದೆದ್ದಳು. "ಅವ್ವ! ಅಜ್ಜಿ, ಅವ್ವ ಬಂದ್ಲು!" ಎಂದು ನಾಗವೇಣಿಯ ಕಡೆಗೆ ತಿರುಗಿದವಳು ಥಟ್ಟನೆ ನಿಂತಳು. ಇಷ್ಟು ದಿನ ಆ ಸಪ್ಪಳ ಯಾರ ಬಾಯಿಂದ ಬರುತ್ತದೆಂದು ನಂಬಿದ್ದಳೋ, ಆ ಬಾಯಿ ಇಲ್ಲೇ ಎದುರಿಗೆ, ಸುಮ್ಮನೆ ಅರ್ಧ ತೆರೆದುಕೊಂಡಿತ್ತು. ಮಟಮಟ ಮಧ್ಯಾಹ್ನ. ಸಪ್ಪಳ ಕೋಣೆಯಿಂದ ಬರುತ್ತಲೇ ಇತ್ತು.

ನಾಗವೇಣಿ ಎದ್ದು ಕೋಣೆಯ ಬಾಗಿಲಿಗೆ ಹೋದಳು. ನೋಡಿದಳು. ಹುಡುಗಿಯ ನಂಬಿಕೆ ನೆನಪಾಗಿ ತಕ್ಷಣ ಬಾಗಿಲಿಗೆ ಅಡ್ಡ ಕೈಯಿಟ್ಟು ನಿಂತಳು. "ಬ್ಯಾಡ ಪ್ರಿಯಾಂಕಾ. ನೀ ಹೊರಗ ಹೋಗು."

ಹುಡುಗಿ ಅವಳ ಕೈಯಡಿಯಿಂದ ತೂರಿ ಒಳಗೆ ಹೋದಳು.

ಅಂಗಾತ ಮಲಗಿದ್ದ ಸಿದ್ದರಾಮೇಶನ ದವಡೆ ಬಲಕ್ಕೂ ಎಡಕ್ಕೂ ಹೊರಳುತ್ತಿತ್ತು. ಕಪಾಳದ ನರ ಉಬ್ಬಿತ್ತು. ಹಲ್ಲಿನ ಮೇಲೆ ಹಲ್ಲು ತಿರುಗಿ, ನಿಂತು, ಮತ್ತೆ ತಿರುಗುತ್ತಿತ್ತು. ಮಗಳು ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು ನೋಡಿದಳು. ಬಹಳ ಹೊತ್ತು ನೋಡಿದಳು.

ಅತ್ತೆಗೆ ಈಗಲಾದರೂ ತಿಳಿಯಿತಲ್ಲ ಎಂದುಕೊಂಡಳು ನಾಗವೇಣಿ. ಆದರೆ ಪಾರ್ವತೆಮ್ಮ ಎದೆ ಎದೆ ಬಡಿದುಕೊಂಡಳು.

"ಅಯ್ಯೋ ನನ್ನ ಮಗನ! ನಿನ್ನ ಬಾಯಾಗ ಜಾಗ ಸಿಗದ ಇಂವನ್ನ ಹಿಡಕೊಂಡಾಳ! ಸೂಜಿ ಹಾಕಿಸ್ಕೊಂಡು ಅಕಿನ್ನ ಹೊರಗ ಹಾಕಿದೆಲ್ಲ, ಎಲ್ಲಿ ಹೋಗ್ತಾಳ ಅಕಿ? ನನ್ನ ಮಗನ ಮೈಯಾಗ ಹೊಕ್ಕಾಳ!"

"ಅತ್ತಿ, ಕಣ್ಣಾರೆ ನೋಡಾಕತ್ತೀರಿ! ಇವರ ಕಡೀತಾರ. ಮೊದಲಿಂದ ಇವರ!"

"ಮುಚ್ಚು ಬಾಯಿ. ನನ್ನ ಮಗನ ಮ್ಯಾಲ ಹಾಕ್ತೀಯೇನು?"

ಗದ್ದಲಕ್ಕೆ ಎದ್ದು ಕೂತ ಸಿದ್ದರಾಮೇಶನಿಗೆ ಏನಾಗಿದೆಯೆಂದು ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ತಲೆ ತಗ್ಗಿಸಿ ಕೂತ. ಪಾರ್ವತೆಮ್ಮ ತೀರ್ಪು ಕೊಟ್ಟಳು: ಅಮಾವಾಸ್ಯೆಯ ಎಡೆ ಮುಗಿದ ಕೂಡಲೇ ನಾಗವೇಣಿ ವಳಕಮದಿನ್ನಿಗೆ ಹೋಗಬೇಕು. ಸೂಜಿಯ ಕಸುವು ಇಳಿದು, ಹುಲಿಗೆಮ್ಮ ಅವಳ ಬಾಯಿಗೆ ತಿರುಗಿ ಬಂದು ಮಗನನ್ನು ಬಿಟ್ಟಳೆಂದರೆ ಆಮೇಲಿನ ಮಾತು.

ಮರುದಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ನಾಗವೇಣಿ ಗಂಡನನ್ನು ಹಿಡಿದಳು.

"ನಿಮಗ ಗೊತ್ತಿತ್ತು."

ಅವನು ಟ್ರ್ಯಾಕ್ಟರಿನ ಫಿಲ್ಟರ್ ಒರೆಸುತ್ತಿದ್ದ. "ಆಂಧ್ರದಾಗ ಸಂಗಾಟ ಮಲಗೋರು ಹೇಳ್ತಿದ್ರು. ಸಣ್ಣಾಂವ ಇದ್ದಾಗ ಹಾಸ್ಟೆಲಿನ್ಯಾಗೂ ಹೇಳ್ತಿದ್ರು. ಮದುವಿ ತನಕ ಹೊಲದಾಗ ಮಲಗ್ತಿದ್ದೆ, ಅವ್ವಗ ಕೇಳಿರಲಿಲ್ಲ."

"ಹುಲಿಗೆಮ್ಮಕ್ಕಗ ಗೊತ್ತಿತ್ತೇನು?"

"ಮಗ್ಗಲಾಗ ಮಲಗಾಕಿಗೆ ಗೊತ್ತಾಗದ ಇರತೈತೇನು? ಅವ್ವನ ಮುಂದ ಹೇಳಬ್ಯಾಡ ಅಂದಿದ್ದೆ. ಅಪ್ಪ ತೀರಿದ ವರ್ಷ ಅದು. ಅಪ್ಪನ್ನ ತಿಂದಾಂವ ಮಗನ ಅಂತ ಅವ್ವಗ ಅನ್ನಿಸಿದ್ರ..."

"ಲಿಂಗಸುಗೂರಿಗೆ ಗಾಡಿ ಮ್ಯಾಲ ಕರಕೊಂಡು ಹೋದಾಂವ ನೀವ ಅಲ್ರೀ?"

ಅವನು ಫಿಲ್ಟರ್ ಒರೆಸುತ್ತಲೇ ಇದ್ದ.

"ದಾರ್ಯಾಗ ಅಕಿ ಏನಂದ್ಲು?"

"ಏನೂ ಅನ್ಲಿಲ್ಲ. ಬರೋವಾಗ ರಗತ ನಿಲ್ಲಾಕ ಬಾಯ್ತುಂಬ ಅರಳಿ ತುರುಕಿದ್ರು. ಮಸ್ಕಿ ದಾಟೋ ಹೊತ್ತಿಗೆ ನನ್ನ ಬೆನ್ನಿಗೆ ಹಣಿ ಇಟ್ಟಿದ್ಲು."

ನಾಗವೇಣಿ ಕೈಯಲ್ಲಿದ್ದ ಅವನ ಅಂಗಿಯನ್ನು ಹಿಂಡದೆ ಹಾಗೇ ಬಕೆಟ್ಟಿಗೆ ಬಿಟ್ಟಳು. "ಈಗರ ಹೇಳ್ರಿ ನಿಮ್ಮವ್ವಗ."

ಅವನು ಹೇಳಲಿಲ್ಲ. ದಿನಗಳು ಕಳೆದವು, ಅಮಾವಾಸ್ಯೆ ಬಂತು.

ಹಿರಿಯರ ಅಮಾವಾಸ್ಯೆಗೆ ಪ್ರತಿ ವರ್ಷ ಮಸ್ಕಿಯಿಂದ ಹುಲಿಗೆಮ್ಮನ ತಮ್ಮ ದುರುಗೇಶ ಅಕ್ಕನಿಗೆಂದು ಸೀರೆ, ಬಳೆ ತರುತ್ತಾನೆ. ಆ ಸಲವೂ ತಂದ. ಫೋಟೋದ ಮುಂದೆ ಬಾಳೆ ಎಲೆ, ಎಲೆಯ ಮೇಲೆ ಹೋಳಿಗೆ, ಕರಿಗಡಬು, ಅನ್ನ, ಪಲ್ಯ. ಒಂದು ಬದಿಗೆ ಬಟ್ಟಲಲ್ಲಿ ಹಾಲಲ್ಲಿ ನೆನೆಸಿದ ರೊಟ್ಟಿ. ದವಡೆ ಹಲ್ಲಿಲ್ಲದೆ ಹೋದವಳು ಗಟ್ಟಿಯಾದದ್ದು ಹೇಗೆ ತಿಂದಾಳು ಎಂದು ಪಾರ್ವತೆಮ್ಮ ತಪ್ಪದೆ ಇಡುವ ಬಟ್ಟಲು ಅದು. ಪ್ರೀತಿ ಇರಲಿಲ್ಲವೆಂದು ಅವಳನ್ನು ಯಾರೂ ದೂರುವಂತಿಲ್ಲ.

ಬಾಗಿಲ ಪಕ್ಕದಲ್ಲಿ ನಾಗವೇಣಿಯ ಬಟ್ಟೆಯ ಗಂಟು ಇತ್ತು.

"ದುರುಗೇಶ, ಹೋಗಾಗ ಇಕಿನ್ನ ಸಿಂಧನೂರಿಗೆ ಬಿಡಪಾ," ಎಂದಳು ಪಾರ್ವತೆಮ್ಮ. "ಅಲ್ಲಿಂದ ವಳಕಮದಿನ್ನಿ ಬಸ್ಸು ಹಿಡೀತಾಳ."

"ಯಾಕತ್ತಿ, ಏನಾತು?"

ಯಾರೂ ಹೇಳುವ ಮೊದಲು ನಾಗವೇಣಿ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಕುಡುಗೋಲು. ಗಂಟಿನ ಕಡೆ ಹೋಗಲಿಲ್ಲ. ಹೊಸ್ತಿಲ ಎಡಮೂಲೆಗೆ ಕೂತು ನೆಲ ಕೆದಕತೊಡಗಿದಳು. ಒಲೆಯ ಮುಂದೆ ಕೂತಿದ್ದಾಗ, ನೆನೆಸಿದ ರೊಟ್ಟಿಯ ಬಟ್ಟಲು ಎಡೆಗೆ ಹೋಗುವುದನ್ನು ನೋಡುತ್ತಿದ್ದಾಗ, ಕನ್ನಡಿ ಹಿಡಿದ ಡಾಕ್ಟರಮ್ಮನ ಮಾತು ಅವಳ ಮನಸ್ಸಿಗೆ ಈಗ ಇಳಿದಿತ್ತು.

"ಏನ್ ಮಾಡಾಕತ್ತೀಯೇ?" ಪಾರ್ವತೆಮ್ಮ ಚೀರಿದಳು. "ಮುಟ್ಟಬ್ಯಾಡ!"

"ಅಕ್ಕನ ಹಲ್ಲು ತಗೀತೀನ್ರೀ. ತಗದ ಮ್ಯಾಲ ಹೋಗಂದ್ರ ಹೋಗ್ತೀನಿ."

ದುರುಗೇಶ ಎದ್ದು ನಿಂತ. ಹಲ್ಲು ಕಿತ್ತದ್ದು ಅವನಿಗೆ ಗೊತ್ತಿತ್ತು, ಹೂತದ್ದು ಗೊತ್ತಿರಲಿಲ್ಲ. "ನಮ್ಮಕ್ಕನ ಹಲ್ಲು ಹೊಸ್ತಿಲದಾಗ ಅದಾವೇನು? ನಾ ವರ್ಷಾ ಇದನ್ನ ದಾಟಿ ಬಂದು ಹೋಳಿಗಿ ಉಣ್ಣಾಕತ್ತೀನೇನು?" ಅವನ ಮುಖ ಕೆಂಪಾಯಿತು. "ತಗಿಯವಾ ತಂಗಿ. ಯಾರ್ ತಡೀತಾರ ನಾನೂ ನೋಡ್ತೀನಿ."

ಯಾರೂ ತಡೆಯಲಿಲ್ಲ. ಮಣ್ಣಿನಡಿಯಿಂದ ಅರಿಶಿನದ ಬಟ್ಟೆಯ ಸಣ್ಣ ಗಂಟು ಬಂತು. ಬಟ್ಟೆ ಕೈಯಲ್ಲೇ ಪುಡಿಯಾಯಿತು. ಉದ್ದ ಬೇರಿನ ನಾಲ್ಕು ಹಲ್ಲು. ನಾಗವೇಣಿ ಒಂದೊಂದನ್ನೂ ಸೆರಗಿನಿಂದ ಒರೆಸಿ, ಪ್ರಿಯಾಂಕಾಳನ್ನು ಕರೆದು ಅಂಗೈಯಲ್ಲಿಟ್ಟಳು.

"ಮ್ಯಾಲಿನ ತುದಿಗೆ ಬಟ್ಟು ಆಡಿಸಿ ನೋಡವಾ. ಹ್ಯಾಂಗದಾವು?"

ಹುಡುಗಿ ಬೆರಳಾಡಿಸಿದಳು. "ಮೊನಿ ಅದಾವು. ಚುಚ್ಚತಾವು."

"ನಿದ್ಯಾಗ ಕಡಿಯೋರ ಹಲ್ಲು ಸವದು ಸಪಾಟ ಆಗಿರ್ತಾವಂತ ಡಾಕ್ಟ್ರು ತೋರಿಸಿ ಹೇಳ್ಯಾರ. ನಿಮ್ಮವ್ವನವು ಸವದಿಲ್ಲ. ನಿಮ್ಮವ್ವ ಒಂದ ದಿನಾನೂ ಹಲ್ಲು ಕಡದಿಲ್ಲ."

"ಸುಳ್ಳು," ಎಂದಳು ಪಾರ್ವತೆಮ್ಮ. "ಕಿವ್ಯಾರೆ ಕೇಳೀನಿ ನಾ."

"ಕೇಳೀರಿ ಅತ್ತಿ. ಯಾರ ಬಾಯಂತ ನೋಡಿಲ್ಲ."

ಪ್ರಿಯಾಂಕಾ ಅಂಗೈ ನೋಡುತ್ತಲೇ ಕೇಳಿದಳು: "ಹಂಗಾದ್ರ ನಮ್ಮವ್ವ ಬರ್ತಿದ್ದಿಲ್ಲೇನು?"

ನಾಗವೇಣಿಗೆ ಇದೇ ಮಾತಿನ ಭಯ. ಮನೆ ಉಳಿಸಿಕೊಳ್ಳುವ ಆಸೆಗೆ ಈ ಮಗುವಿನ ಕೈಯಿಂದ ತಾಯಿಯನ್ನು ಕಸಿಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಆದರೂ ಸುಳ್ಳು ಹೇಳಲಿಲ್ಲ. "ಇಲ್ಲವಾ. ಬರ್ತಿದ್ದಿಲ್ಲ."

ಹುಡುಗಿ ಅಳಲಿಲ್ಲ. ಗೋಡೆಗೊರಗಿ ಕೂತಿದ್ದ ಅಪ್ಪನ ಮುಂದೆ ಹೋಗಿ ನಿಂತಳು.

"ಅಪ್ಪಾ, ಬಾಯಿ ತಗಿ."

ಸಿದ್ದರಾಮೇಶ ಅವ್ವನ ಕಡೆ ನೋಡಿದ. ಬದುಕಿನುದ್ದಕ್ಕೂ ಅವನು ಹಾಗೇ ನೋಡಿದ್ದಾನೆ, ಮತ್ತು ಅವಳು ಪ್ರತಿ ಸಲವೂ ಅವನ ಪರವಾಗಿ ಮಾತಾಡಿದ್ದಾಳೆ. ಪಾರ್ವತೆಮ್ಮ ಮೊಮ್ಮಗಳ ಕೈಯಿಂದ ಒಂದು ಹಲ್ಲು ಎತ್ತಿಕೊಂಡು ಹೆಬ್ಬೆರಳಿನಿಂದ ಅದರ ತುದಿ ಸವರಿದಳು. ಮತ್ತೆ ಸವರಿದಳು. ಅವಳ ಮುಖ ಸಣ್ಣದಾಯಿತು.

"ತಗಿ," ಎಂದಳು.

ಅವನು ಬಾಯಿ ತೆರೆದ. ಮುದುಕಿ ಬಾಗಿ, ಅವನು ಹಸುಗೂಸಾಗಿದ್ದಾಗ ಹಾಲುಹಲ್ಲು ಬಂತೇ ಎಂದು ನೋಡುತ್ತಿದ್ದ ಹಾಗೆಯೇ, ಬೆರಳನ್ನು ಒಳಗಿಟ್ಟು ದವಡೆಯ ಹಲ್ಲುಗಳ ಮೇಲೆ ಎಳೆದಳು. ಎಲ್ಲೂ ಮೊನೆ ಇರಲಿಲ್ಲ. ತುಳಿದು ತುಳಿದು ಸವೆದ ಹೊಸ್ತಿಲ ಕಲ್ಲಿನಷ್ಟು ನುಣುಪು. ಬೆರಳು ಹೊರತೆಗೆದು ಸೀರೆಗೆ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು.

ಆಮೇಲೆ ಗೋಡೆ ಹಿಡಿದು ಎಡೆಯ ಬಳಿ ಹೋದಳು. ಹಾಲಿನ ಬಟ್ಟಲನ್ನು ಎಲೆಯಿಂದ ಎತ್ತಿ ಪಕ್ಕಕ್ಕಿಟ್ಟಳು. ಬುಟ್ಟಿಯಿಂದ ಒಂದು ಖಡಕ್ ರೊಟ್ಟಿ ತೆಗೆದು ಆ ಜಾಗದಲ್ಲಿಟ್ಟಳು. ಪ್ರಿಯಾಂಕಾ ರೊಟ್ಟಿಯ ಪಕ್ಕದಲ್ಲಿ ನಾಲ್ಕು ಹಲ್ಲುಗಳನ್ನು ಒಂದೊಂದಾಗಿ ಇಟ್ಟಳು. ಕೊನೆಯದನ್ನು ಇಡುವಾಗ ಅವಳಿಗೆ ಅಳು ಬಂತು. ನಾಗವೇಣಿ ಹಿಂದಿನಿಂದ ಹಿಡಿದುಕೊಂಡಳು, ಹುಡುಗಿ ಕೊಸರಿಕೊಳ್ಳಲಿಲ್ಲ.

ಬಾಗಿಲ ಪಕ್ಕದ ಗಂಟನ್ನು ದುರುಗೇಶ ಎತ್ತಿ ಒಳಗಿಟ್ಟ. ಸಿದ್ದರಾಮೇಶ ಬಾಯಿ ತೆರೆದುಕೊಂಡೇ ಕೂತಿದ್ದ. ಮುಚ್ಚು ಎಂದು ಯಾರೂ ಹೇಳಲಿಲ್ಲ.